ಇಪ್ಪತ್ತೆರಡನೇ ಪುಟದ ಅಡಿಟಿಪ್ಪಣಿ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿಮ್ಮ ಕಣ್ಣಿನ ಕಟ್ಟು ಇನ್ನೂ ಬಿಚ್ಚಿಲ್ಲವಾದ್ದರಿಂದ ಇದನ್ನು ಅಮ್ಮ ಓದಿ ಹೇಳುತ್ತಾಳೆ. ಅಮ್ಮಾ, ನಡುವೆ ನಗಬೇಡ. ನಾನಿಲ್ಲಿ ಮುಖ ಎತ್ತಲಾರದೆ ಕೂತಿದ್ದೇನೆ.

ನಿಮ್ಮ ಹೊಸ ಕಾದಂಬರಿ ಸೋಮವಾರ ಅಂಗಡಿಗೆ ಬಂತು. ನಿಮ್ಮ ಪತ್ತೇದಾರಿ ಪುಸ್ತಕಗಳನ್ನು ಜನ ಕೊಲೆಗಾಗಿ ಕೊಳ್ಳುತ್ತಾರೋ, ಪುಟದ ಕೆಳಗಿನ ಅಡಿಟಿಪ್ಪಣಿಗಳ ತುಂಟತನಕ್ಕಾಗಿ ಕೊಳ್ಳುತ್ತಾರೋ, ಪ್ರಕಾಶಕರಿಗೇ ಗೊತ್ತಿಲ್ಲ. ಮೇಲೆ ಪತ್ತೇದಾರ ಗಂಭೀರವಾಗಿ ಹೆಣದ ಅಂಗಾಲು ಪರೀಕ್ಷಿಸುತ್ತಿದ್ದರೆ, ಕೆಳಗೆ ‘ಹೆಣಕ್ಕೆ ಕಚಗುಳಿಯಾಯಿತು, ಪಾಪ, ತಡೆದುಕೊಂಡಿತು’ ಎಂದು ಬರೆಯುವವರು ನೀವು. ಕಣ್ಣು ತೀರಾ ಮಂಜಾಗಿ ಆಪರೇಷನ್‌ಗೆ ಕಾಯುತ್ತಿದ್ದಿರಾದ್ದರಿಂದ ಈ ಸಲ ಟಿಪ್ಪಣಿಗಳ ಕೆಲಸ ನನ್ನ ಪಾಲಿಗೆ ಬಂತು. ನಗ್ಸು, ಆದ್ರೆ ಗುಟ್ಟು ಬಿಟ್ಕೊಡ್ಬೇಡ ಕಣೇ ಅಂತ ಒಂದೇ ಮಾತು ಹೇಳಿದಿರಿ.

ಬಿಟ್ಟುಕೊಟ್ಟೆ. ಇಪ್ಪತ್ತೆರಡನೇ ಪುಟದಲ್ಲಿ ಗಡಿಯಾರ ರಿಪೇರಿಯವನು ಮೊದಲ ಸಲ ಬರುತ್ತಾನಲ್ಲ, ಬೆಕ್ಕು ಕಂಡರೂ ಕುರ್ಚಿ ಹತ್ತುವ ಆ ಪುಕ್ಕಲ, ಅವನ ಪಕ್ಕ ಒಂದು ನಕ್ಷತ್ರ ಹಾಕಿ ಕೆಳಗೆ ಬರೆದೆ: ‘ಕೊಲೆಗಾರ ಇವನೇ. ಅವಸರವಿರುವವರು ಪುಸ್ತಕ ಮುಚ್ಚಿ ಊಟಕ್ಕೆ ಏಳಬಹುದು.’

ಕೊಲೆಗಾರ ಅವನೇ ಅಲ್ಲವೇ ಅಪ್ಪಾ! ನಿಜವನ್ನೇ ಹೇಳಿದರೆ ಯಾರೂ ನಂಬುವುದಿಲ್ಲ, ಅದೇ ತಮಾಷೆ ಎಂದುಕೊಂಡೆ. ಪುಸ್ತಕವನ್ನು ಕೊನೆಯವರೆಗೆ ಓದಿ, ಯೋಚಿಸಿಯೇ ಹಾಗೆ ಬರೆದೆ.* ಬಾಯಿಬಿಟ್ಟರೆ ಬಣ್ಣಗೇಡು ಅಂತಾರೆ, ನಾನು ಬಾಯಿ ಮುಚ್ಚಿಕೊಂಡೇ ಬಣ್ಣಗೆಟ್ಟೆ. ಪುಸ್ತಕದಂಗಡಿಯವರು ನಿನ್ನೆ ಫೋನ್ ಮಾಡಿ, ಏನಮ್ಮಾ ಇದು, ಗಿರಾಕಿಗಳು ನಿಂತಲ್ಲೇ ಆ ಪುಟ ಓದ್ತಾರೆ, ಹೌದಾ ಅಂತ ಕೊನೇ ಪುಟ ತಿರುಗಿಸಿ ನೋಡ್ತಾರೆ, ನಕ್ಕು ವಾಪಸ್ ಇಟ್ಟು ಹೋಗ್ತಾರೆ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆತ್ತಗೆ ಹೇಳಿದ್ದಕ್ಕೇ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮಂಜುಗಣ್ಣಿನಲ್ಲಿ, ಕಾಗದಕ್ಕೆ ಮೂಗು ತಾಗಿಸಿಕೊಂಡು ವರ್ಷಗಟ್ಟಲೆ ನೀವು ಹಾಕಿದ ಗಂಟನ್ನು ನಾನು ಒಂದು ಸಾಲಿನಲ್ಲಿ ಬಿಚ್ಚಿ ಬಿಸಾಕಿದೆ. ನಾಚಿಕೆಯಾಗುತ್ತಿದೆ.

ಉಳಿದ ಪ್ರತಿಗಳಲ್ಲಿ ಆ ಸಾಲಿನ ಮೇಲೆ ಕಾಗದದ ಚೂರು ಅಂಟಿಸೋಣವೆಂದು ಪ್ರಕಾಶಕರು ಹೇಳುತ್ತಿದ್ದಾರೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಂತೆ. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಬೇಕೆಂದು ಬರೆದೆ. ಎಷ್ಟು ಬೇಕಾದರೂ ಬೈಯಿರಿ. ಮುಂದಿನ ಪುಸ್ತಕದ ಟಿಪ್ಪಣಿಗಳನ್ನು ಮಾತ್ರ ನನ್ನ ಕೈಯಿಂದ ಕಿತ್ತುಕೊಳ್ಳಬೇಡಿ.

ತಲೆ ತಗ್ಗಿಸಿರುವ
ನಿಮ್ಮ ಮಗಳು

* ಅಮ್ಮಾ, ಇದನ್ನು ಗಟ್ಟಿಯಾಗಿ ಓದಬೇಡ. ನಾನು ಕೊನೆಯವರೆಗೆ ಓದಿರಲಿಲ್ಲ. ಇಂಥ ಅಂಜುಬುರುಕ ಕೊಲೆ ಮಾಡಿಯಾನೇ ಎಂದು ಸುಮ್ಮನೆ ಬರೆದದ್ದು. ಅಪ್ಪನ ಯಾವ ಕಾದಂಬರಿಯನ್ನೂ ನಾನು ಪೂರ್ತಿ ಓದಿದವಳಲ್ಲ. ಕೆಳಗಿನ ಟಿಪ್ಪಣಿಗಳನ್ನು ಓದಿ ನಕ್ಕು, ಮೇಲಿನದನ್ನು ಹಾರಿಸಿ, ಅದ್ಭುತವಾಗಿದೆ ಅಪ್ಪಾ ಎನ್ನುತ್ತಿದ್ದೆ. ಅವರು ಅಷ್ಟಕ್ಕೇ ಹಿಗ್ಗುತ್ತಿದ್ದರು. ನಿನ್ನೆ ಫೋನ್ ಬಂದ ಮೇಲೆ ಮೊದಲ ಸಲ ಒಂದನ್ನು ಕೊನೆಯವರೆಗೆ ಓದಿದೆ. ಆ ಪುಕ್ಕಲ ಯಾಕೆ ಕೊಂದನೆಂದು ಗೊತ್ತಾದಾಗ ಅಳು ಬಂತು. ಅಪ್ಪ ಇಷ್ಟು ಚೆನ್ನಾಗಿ ಬರೆಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ ಅಮ್ಮಾ. ಬೇಡ, ಗಟ್ಟಿಯಾಗಿಯೇ ಓದು.