ಬಿದ್ದವರನ್ನು ಕಂಡರೂ ನಿಲ್ಲಬೇಡ

ಕೌಲ್ ಬಜಾರ್, ಬಳ್ಳಾರಿ
ಬುಧವಾರ, ೨೦ ಆಗಸ್ಟ್ ೨೦೨೫

ನನ್ನ ಮುದ್ದಿನ ಸುಲ್ತಾನಾಗೆ ಅಬ್ಬಾನ ಸಲಾಂ, ದುವಾ.

ಹೇಗಿದ್ದೀಯ ಮಗಳೇ? ಎಡ ಮೊಣಕೈಯ ಬಾವು ಇಳಿಯಿತೇ? ಚೆನ್ನೈ ಸೆಕೆಯಲ್ಲಿ ರೇಸಿನ ಆ ಚರ್ಮದ ಅಂಗಿ ತೊಟ್ಟು ಹೇಗಿರುತ್ತೀಯೋ, ನೆನೆಸಿಕೊಂಡರೆ ನನಗೇ ಬೆವರು ಬರುತ್ತದೆ. ಬಳ್ಳಾರಿಯವಳಿಗೆ ಸೆಕೆಯ ಮಾತೇ ಅಂತ ನಗಬೇಡ. ನಿನ್ನ ಅಮ್ಮೀ ಶೇಂಗಾ ಚಟ್ನಿಪುಡಿ ಕಳಿಸಿದ್ದಾಳೆ. ಎಲ್ಲ ಗೆಳತಿಯರಿಗೆ ಹಂಚಿ ನೀನು ಖಾಲಿ ಡಬ್ಬಿ ಬಡಿಯಬೇಡ ಎಂದು ಹೇಳಿದ್ದಾಳೆ. ಫೋನಿರುವಾಗ ಈ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನಾನು "ಉಂಡಿ ಏನು" ಅಂತೀನಿ, ನೀನು "ಹ್ಞೂಂ ಅಬ್ಬಾ" ಅಂತೀ, ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ.

ಭಾನುವಾರದ ನಿನ್ನ ರೇಸು ಹತ್ತಿರ ಬಂದಂತೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿನ್ನೆ ಮೋಕಾ ಊರಿನವರೊಬ್ಬರ ಬೈಕಿನ ಹಳೇ ಆಯಿಲ್ ಇಳಿಸಿ, ಹೊಸದು ಹಾಕದೆಯೇ ಕೀಲಿ ಕೊಡಲು ಹೊರಟಿದ್ದೆ. ನಲವತ್ತು ವರ್ಷದ ಮಿಸ್ತ್ರಿ ನಾನು, ಥೂ! ನಿನ್ನ ಅಣ್ಣ ಆಸಿಂ ಕೈ ಹಿಡಿದು, "ಅಬ್ಬಾ, ನೀವ್ ಮನಿಗ್ ಹೋಗ್ರಿ, ಗ್ಯಾರೇಜ್ ನಾ ನೋಡ್ಕೊಂತೀನಿ" ಎಂದ. ಮನೆಗೆ ಬಂದರೆ ನಿನ್ನ ಅಮ್ಮೀ, "ಹಿಂಗ್ ಅಡ್ಡಾಡಿದ್ರ ನೆಲ ಸವೀತೈತಿ, ಹೊರಗ್ ಹೋಗ್ರಿ" ಎಂದು ಅಟ್ಟಿದಳು. ಅವಳೇನು ಕಡಿಮೆಯೇ? ಇವತ್ತು ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದ್ದಳು. ಇಬ್ಬರೂ ಲೋಟ ಖಾಲಿ ಮಾಡಿದ ಮೇಲೆಯೇ ಗೊತ್ತಾದದ್ದು.

ಹೋದ ತಿಂಗಳು ಅಲ್ಲೇ ಚೆನ್ನೈನಲ್ಲಿ ನಡೆದ ನಿನ್ನ ಮೊದಲ ರೇಸಿನ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಹೆಣ್ಣುಮಕ್ಕಳಷ್ಟೇ ಓಡಿಸುವ ಚಾಂಪಿಯನ್‌ಶಿಪ್, ಎಲ್ಲರಿಗೂ ಒಂದೇ ಬಗೆಯ ಬೈಕು. ಅಂದಮೇಲೆ ಗೆಲುವು ಇಂಜಿನ್ನಿನದಲ್ಲ, ಎದೆಯದು. ಮುಗಿಯಲು ಎರಡೇ ಸುತ್ತು ಉಳಿದಿತ್ತು, ನೀನು ನಾಲ್ಕನೆಯವಳಾಗಿದ್ದೆ. ತಿರುವಿನಲ್ಲಿ ಮುಂದಿನ ಹುಡುಗಿ ಜಾರಿ ಬಿದ್ದಳು. ನೀನು ಬ್ರೇಕು ಹಾಕಿ, ಅಂಚಿಗೆ ಸರಿದು, ಕಾಲಿನಿಂದ ಸ್ಟ್ಯಾಂಡು ಹುಡುಕಿದೆ. ಹುಚ್ಚಿ, ರೇಸ್ ಬೈಕಿಗೆಲ್ಲಿಯ ಸ್ಟ್ಯಾಂಡು! ಅದನ್ನು ಮಣ್ಣಿನಲ್ಲಿ ಮಲಗಿಸಿ ಅವಳ ಕಡೆ ಓಡಿದೆ. ಅಂಚಿನಲ್ಲಿ ಬಾವುಟ ಹಿಡಿದು ನಿಂತವರು ನಿನ್ನತ್ತ ಕೂಗಿಕೊಳ್ಳುತ್ತಿದ್ದರು. ಆ ಹುಡುಗಿ ತಾನೇ ಎದ್ದು ಧೂಳು ಕೊಡವಿಕೊಂಡಳು. ನೀನು ಎಲ್ಲರಿಗಿಂತ ಕೊನೆಗೆ ಬಂದೆ.

ಓಣಿಯವರು ನಿನ್ನ ಮನಸ್ಸನ್ನು ಹೊಗಳಿದ್ದೇ ಹೊಗಳಿದ್ದು. ನಿಮ್ಮ ಟೀಮಿನ ಮೇಡಂ ಮಾತ್ರ, ಇನ್ನೊಮ್ಮೆ ನಿಂತರೆ ಬೈಕು ಬೇರೆ ಹುಡುಗಿಗೆ ಎಂದರಂತೆ. ಕಲ್ಲೆದೆಯ ಹೆಂಗಸು ಎಂದು ನಾನು ಇಲ್ಲಿಂದಲೇ ಬೈದೆ. ಆಮೇಲೆ ಆಸಿಂ ವಿಡಿಯೋ ನಿಲ್ಲಿಸಿ, ಬೆರಳಿಟ್ಟು ತೋರಿಸಿದ. ನೀನು ಬಗ್ಗಿದ್ದಾಗ ಹಿಂದಿನಿಂದ ಬಂದ ಬೈಕು ನಿನ್ನ ಬೆನ್ನಿಗೆ ಒಂದು ಗೇಣು ದೂರದಲ್ಲಿ ಹಾದುಹೋಗಿದೆ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ತಪ್ಪು ನಿನ್ನದಲ್ಲ ಸುಲ್ತಾನಾ, ನನ್ನದು. ನಿನಗಾಗ ಏಳು ವರ್ಷ. ಕುರುಗೋಡಿನಿಂದ ಬರುವಾಗ ರಸ್ತೆಯಲ್ಲಿ ಒಣಹಾಕಿದ್ದ ಭತ್ತದ ಮೇಲೆ ಚಕ್ರ ಜಾರಿ ಬಿದ್ದೆವು. ನನ್ನ ಕಾಲು ಬೈಕಿನಡಿ ಸಿಕ್ಕಿತ್ತು. ನೀನು ಹರಿದ ಫ್ರಾಕಿನಲ್ಲೇ ರಸ್ತೆಗೆ ಅಡ್ಡ ನಿಂತು ಎರಡೂ ಕೈ ಎತ್ತಿದ್ದೆ. ಕಾರು ಹೋದವು, ಲಾರಿ ಹೋದವು, ಒಬ್ಬರೂ ನಿಲ್ಲಲಿಲ್ಲ. ಕಡೆಗೆ ಸಿರಿಗೇರಿಯ ತಿಪ್ಪೇರುದ್ರಪ್ಪನವರು ಟ್ರ್ಯಾಕ್ಟರ್ ನಿಲ್ಲಿಸಿ, "ಅಳಬ್ಯಾಡ ಕೂಸೇ, ನಾ ಅದೀನಿ" ಎಂದು ನಮ್ಮಿಬ್ಬರನ್ನೂ ಹೊತ್ತು ತಂದರು. ಆಸ್ಪತ್ರೆಯಲ್ಲಿ ನಿನ್ನ ಕೈಯನ್ನು ನನ್ನ ತಲೆಯ ಮೇಲಿರಿಸಿಕೊಂಡು ಆಣೆ ಹಾಕಿಸಿದೆ: "ಬಿದ್ದೋರ್ನ ಕಂಡ್ರ ನಿಲ್ಲದ ಹೋಗಬ್ಯಾಡ." ಮುಂದೆ ಬೈಕು ಕಲಿಸುವಾಗಲೂ ಕ್ಲಚ್ಚಿಗಿಂತ ಮೊದಲು ಕಲಿಸಿದ್ದು ಅದನ್ನೇ.

ಸೋಮವಾರ ಅದೇ ತಿಪ್ಪೇರುದ್ರಪ್ಪನವರು ಗ್ಯಾರೇಜಿಗೆ ಬಂದಿದ್ದರು. ಎಲ್ಲ ಹೇಳಿಕೊಂಡೆ. ಗದರಿಬಿಟ್ಟರು: "ಅಲ್ಲೋ ಸಾಬಾ, ಅಲ್ಲಿ ಡಾಕ್ಟ್ರು ಅದಾರ, ಆಂಬುಲೆನ್ಸ್ ಐತಿ. ಅವತ್ತು ನಿನಗ್ ಯಾರಿದ್ರು? ಇಲ್ಲೀ ಆಣಿ ಅಲ್ಲಿ ನಡಸಿದ್ರ ಒಬ್ರು ಬೀಳೋ ಕಡಿ ಇಬ್ರು ಬೀಳ್ತಾರ." ಮಾತು ನಿಜ. ಆದರೂ, ನಿಲ್ಲಬೇಡ ಅಂತ ಮಗಳಿಗೆ ಬರೆಯಲು ಕೂತರೆ ಕುಂಟುಗಾಲು ಜುಂ ಅನ್ನುತ್ತದೆ. ನಿಲ್ಲುವವರೊಬ್ಬರು ಇದ್ದದ್ದಕ್ಕೆ ಉಳಿದ ಜೀವವಲ್ಲವೇ ಇದು? ಮೂರು ಹಾಳೆ ಹರಿದು ಹಾಕಿದೆ.

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಹೆಲ್ಮೆಟ್ಟಿನ ಪಟ್ಟಿ ಎರಡು ಸಲ ನೋಡಿಕೋ. ಅಮ್ಮೀಯ ದುವಾ ನಿನ್ನ ಬೆನ್ನಿಗಿದೆ, ಆಸಿಂನ ಸಲಾಂ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಬ್ಬಾ,
ಇಮಾಮಸಾಬ್

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಆಣೆ ಹಾಕಿಸಿದವನೇ ಅದನ್ನು ಬಿಡಿಸುತ್ತಿದ್ದೇನೆ, ಕೇಳು. ಭಾನುವಾರ ಯಾರು ಬಿದ್ದರೂ ನಿಲ್ಲಬೇಡ. ಶುಕ್ರವಾರ ಗುಂತಕಲ್ಲಿಗೆ ಹೋಗಿ ಚೆನ್ನೈ ರೈಲು ಹತ್ತುತ್ತೇನೆ. ಒಳಗೆ ಬಿಡಲಿ ಬಿಡದಿರಲಿ, ಆ ತಿರುವಿನ ಬೇಲಿಗೆ ಆತುಕೊಂಡು ನಾನು ನಿಂತಿರುತ್ತೇನೆ. ಬಿದ್ದವಳನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಹೋಗು.