ನಲ್ಲಿಯ ಪಕ್ಕದ ಗಿಡ

ಸರಸ್ವತಿಪುರಂ, ಮೈಸೂರು
ಗುರುವಾರ, 6 ಮಾರ್ಚ್ 2025

ಪ್ರೀತಿಯ ಸಾಕಮ್ಮನವರಿಗೆ,

ಒಂದು ವಿಷಯ ಮಾತ್ರ ಬಿಟ್ಟು ಉಳಿದದ್ದೆಲ್ಲ ಬರೆದು, ಕವರು ಅಂಟಿಸಿಯೂ ಆಗಿತ್ತು. ಬೆಳಿಗ್ಗೆ ಅದನ್ನು ಹರಿದು ಮತ್ತೆ ಬರೆಯಲು ಕೂತಿದ್ದೇನೆ. ನೀವು ನಮ್ಮಲ್ಲಿ ಅಡುಗೆ ಮಾಡಿದ ಆರು ವರ್ಷವೂ ನಿಮ್ಮನ್ನು ‘ನೀನು’ ಎಂದೇ ಕರೆದೆ. ಕಾಗದದಲ್ಲಿ ಹಾಗೆ ಬರೆಯಲು ಕೈ ಏಳಲಿಲ್ಲ. ನಿಮ್ಮ ಮೊಮ್ಮಗಳು ಶಿವಾನಿ ಇದನ್ನು ಓದಿ ಹೇಳುತ್ತಾಳೆಂದು ಗೊತ್ತು. ಅವಳೂ ತಿಳಿಯಲಿ.

ಹೋದ ಯುಗಾದಿಗೆ ನಂಜನಗೂಡಿನ ನಿಮ್ಮ ಮಗಳ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಕಡ್ಡಿ ತಂದು, ನಲ್ಲಿಯ ಪಕ್ಕ ನೆಟ್ಟಿರಿ. ಹೆಸರು ಕೇಳಿದರೆ, “ಹೆಸ್ರು ಕಟ್ಕೊಂಡು ಏನ್ಮಾಡೀರಿ ಅಮ್ಮಾವ್ರೆ? ಹಿತ್ಲು ಸೊಪ್ಪು ಅಂತೀವಿ. ರೊಟ್ಟೀಗ್ ಹಾಕ್ತೀನಿ, ತಿಂದ್ಬುಟ್ಟು ಆಮೇಲ್ ಕೇಳಿ” ಎಂದು ನಕ್ಕಿರಿ.

ಆಷಾಢದಲ್ಲಿ ಆ ರೊಟ್ಟಿ ಮಾಡಿದಿರಿ. ಅಂದು ಸಂಜೆ ನನ್ನ ಮಗಳು ಗಗನ ವಾಂತಿ ಮಾಡಿಕೊಂಡು ಸುಸ್ತಾದಳು, ಡಾಕ್ಟರ ಬಳಿ ಕರೆದೊಯ್ದೆವು. ಎಲೆಯ ಫೋಟೋ ತೆಗೆದು ಫೋನಿನಲ್ಲಿ ಹುಡುಕಿದೆ. ಬೇಲಿಗೆ ಹಾಕುವ ಅಲಂಕಾರದ ಗಿಡ, ತಿನ್ನಬಾರದು ಎಂದು ಬಂತು. ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಬೇಗ ನಂಬುತ್ತೇನೆ, ಶಾಲೆಯಿಂದ ಬಂದ ಅಭ್ಯಾಸ. ಮರುದಿನ ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬರಬೇಡ ಎಂದೆ. ನೀವು ಮಚ್ಚು ತಂದು ಗಿಡವನ್ನು ಬುಡಕ್ಕೆ ಕಡಿದು, “ಮಗು ಮುಟ್ಟದೇ ಇರ್ಲಿ” ಎಂದು ಹೊರಟಿರಿ. ಪಕ್ಕದ ಚಂದ್ರಮೌಳಿಯವರ ಮನೆಗೂ ಎದುರುಮನೆಯ ಶಿವನಂಜಮ್ಮನವರಿಗೂ, ರೊಟ್ಟಿಗೆ ವಿಷದ ಸೊಪ್ಪು ಹಾಕಿದಿರೆಂದು ನಾನೇ ಹೇಳಿದೆ. ಅಲ್ಲಿಯ ಕೆಲಸವೂ ಹೋಯಿತು.

ಗಿಡ ಬುಡದಿಂದಲೇ ಚಿಗುರಿತು. ನಾನು ನೀರು ಹಾಕಲಿಲ್ಲ, ಕೀಳಲೂ ಇಲ್ಲ. ಈಗ ಕಾಂಪೌಂಡಿನ ಎತ್ತರವಿದೆ. ಎಲೆಯಡಿಯಲ್ಲಿ ಗುಂಡಿಯಂಥ ಕೆಂಪು ಹೂ, ದುಂಡನೆಯ ಬಿಳಿ ಕಾಯಿ. ಮತ್ತೆ ಫೋನಿಗೆ ತೋರಿಸಿದರೆ ಅದು ಬೇರೆಯೇ ಹೆಸರು ಹೇಳಿತು. ಕಳೆದ ಶನಿವಾರ ಒಂದು ಕೊಂಬೆ ಮುರಿದು ದೇವರಾಜ ಮಾರುಕಟ್ಟೆಗೆ ಒಯ್ದೆ. ಇದು ವಿಷವಂತೆ, ಹೌದೇ ಎಂದು ಕೇಳಿದರೆ ಸೊಪ್ಪು ಮಾರುವ ಸೋಮಮ್ಮ ಮೂಸಿಯೂ ನೋಡಲಿಲ್ಲ. “ಅಯ್ಯೋ, ಚಕ್ರಮುನಿ ಕಣ್ರೀ! ಮನೇಲಿ ಬೆಳ್ಕೊಂಡು ನನ್ ಕೇಳಕ್ ಬಂದವ್ರೆ ನೋಡಿ! ಪಲ್ಯ ಮಾಡಿ, ರೊಟ್ಟೀಗ್ ಹಾಕಿ. ವಿಷ ಅಂದವ್ರು ಯಾರು, ಕರ್ಕೊಂಬನ್ನಿ ಇಲ್ಲಿ” ಎಂದಳು. ಪಕ್ಕದ ಅಂಗಡಿಯವರೆಲ್ಲ ನಕ್ಕರು. ಅಂದವಳಾದ ನಾನು ಕೊಂಬೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಹರಿದ ಪತ್ರ ಇಲ್ಲಿಗೆ ಮುಗಿದಿತ್ತು. ಗಿಡ ಗುರುತಿಸಲಾಗದೆ ತಪ್ಪಾಯಿತು, ಕ್ಷಮಿಸಿ ಎಂದು ಬರೆದಿದ್ದೆ. ಅದು ಅರ್ಧ ನಿಜ. ಆ ದಿನ ಟ್ಯುಟೋರಿಯಲ್ ಬಿಟ್ಟ ಮೇಲೆ ಗಗನಳಿಗೆ ರಸ್ತೆಬದಿಯ ಗಾಡಿಯಲ್ಲಿ ಗೋಬಿ ಮಂಚೂರಿ ಕೊಡಿಸಿದ್ದೆ. ಅದು ಕೂಡದೆಂದು ಅವಳ ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಏನು ತಿಂದಳು ಎಂದು ಡಾಕ್ಟರ್ ಕೇಳಿದಾಗ ಅವರು ಪಕ್ಕದಲ್ಲೇ ನಿಂತಿದ್ದರು. ನಾನು ರೊಟ್ಟಿ ಎಂದೆ. ಅದೇ ರೊಟ್ಟಿಯನ್ನು ನಾನೂ ಎರಡು ತಿಂದಿದ್ದೆ, ನನಗೇನೂ ಆಗಿರಲಿಲ್ಲ. ನಿಜ ಹೇಳಿದ್ದರೆ ಮನೆಯಲ್ಲಿ ಒಂದು ವಾರ ಮಾತು ಕೇಳಬೇಕಾಗುತ್ತಿತ್ತು, ಅಷ್ಟೇ. ಆ ಒಂದು ವಾರ ತಪ್ಪಿಸಿಕೊಳ್ಳಲು ನಿಮ್ಮ ಮೂರು ಮನೆಯ ಕೆಲಸ ಕಳೆದೆ. ಫೋನು ನನಗೆ ನೆಪ ಒದಗಿಸಿತು.

ಮತ್ತೆ ಕೆಲಸಕ್ಕೆ ಬನ್ನಿ ಎಂದು ಕರೆಯಲು ಬರೆದದ್ದಲ್ಲ. ಬರುವುದು ಬಿಡುವುದು ನಿಮ್ಮಿಷ್ಟ. ನಿಮ್ಮ ಕೈಯಲ್ಲಿ ಏನೂ ತಪ್ಪಿರಲಿಲ್ಲ ಎಂಬುದು ನನ್ನ ಅಕ್ಷರದಲ್ಲೇ ನಿಮ್ಮ ಹತ್ತಿರ ಇರಲಿ.

ಇಂತು,
ಸುಚಿತ್ರಾ

ಮರೆತದ್ದು: ನಿನ್ನೆ ಮನೆಯವರಿಗೆ ನಿಜ ಹೇಳಿದೆ. ಆ ವಾರ ಈಗ ಶುರುವಾಗಿದೆ. ಇನ್ನು ಚಂದ್ರಮೌಳಿಯವರ ಮನೆ, ಎದುರುಮನೆ ಉಳಿದಿವೆ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ಒಂದೊಂದು ಹಿಡಿ ಸೊಪ್ಪು ಹಿಡಿದು ಹೋಗಿ ಹೇಳಿ ಬರುತ್ತೇನೆ. ಅಲ್ಲಿಯವರೆಗೆ ಈ ಪತ್ರ ನನ್ನ ಚೀಲದಲ್ಲೇ ಇರುತ್ತದೆ. ಕವರಿನ ಮೇಲಿನ ಅಂಚೆ ಮುದ್ರೆಯನ್ನು ಶಿವಾನಿಗೆ ನೋಡಲು ಹೇಳಿ. ಎರಡೂ ಮನೆಗೆ ಹೇಳಿದ ಮೇಲೆಯೇ ಡಬ್ಬಕ್ಕೆ ಹಾಕುವುದು, ಸೋಮವಾರ, ಮಾರ್ಚ್ 10.