ನೂರುನ್ನೀಸಾ ಪಾಲಿಗೆ ಬರೆದದ್ದು

8 ಜನವರಿ 1974, ಮಂಗಳವಾರ. ಹೊಸದುರ್ಗ

ಮೂರನೇ ಪೀರಿಯಡ್. ಕಾಪಿ ತಿದ್ದುತ್ತಾ ಕೂತಿದ್ದೆ. ನೂರುನ್ನೀಸಾ ಬಂದು ಪಕ್ಕದಲ್ಲಿ ಕೂತಳು. ಗೈಡ್ಸ್ ಮಕ್ಕಳ ಟೀಚರ್ ಅವಳೇ. ಸ್ಕೂಲಿನ ಟೆಂಟುಗಳೂ ಅವಳ ವಶ.

"ಜುಂಜಕ್ಕ, ಆರು ವರ್ಷದಿಂದ ಮಕ್ಕಳಿಗೆ ಟೆಂಟ್ ಹೊಡೆಯಾದು ಕಲಿಸ್ತಿದೀನಿ. ನಾನು ಒಂದಿನಾನೂ ಅದರಾಗೆ ಮಲಗಿಲ್ಲ."

ಇಪ್ಪತ್ತಾರು ಶನಿವಾರ. ಬಾವುಟ ಹಾರಿಸಿ ಹೊರಟರೆ ಚಿತ್ರದುರ್ಗಕ್ಕೆ ಬಸ್ಸು, ಸಂಜೆಗೆ ಜೋಗಿಮಟ್ಟಿ ಬೆಟ್ಟ. ಒಂದು ರಾತ್ರಿ ಟೆಂಟಿನಲ್ಲಿ. ದ್ಯಾಮಮ್ಮ ಟೀಚರ್, ಕಾಟಮ್ಮ ಟೀಚರ್ ಇಬ್ಬರೂ ಒಪ್ಪಿದರು. ಕಾವಲಿಗೆ ಪ್ಯೂನ್ ದಾಸಣ್ಣ. ಊಟ, ಖರ್ಚು ನನ್ನ ತಲೆಗೆ — ಲೆಕ್ಕದ ಟೀಚರ್ ಅಂತ.

12 ಜನವರಿ

ತಲೆಗೆ ಆರು ರೂಪಾಯಿ. ದಾಸಣ್ಣನದು ನಾವು ನಾಲ್ವರು ಹಂಚಿಕೊಳ್ಳುವುದು. ಅಡುಗೆ ಸಾಮಾನು ಮನೆಗಳಿಂದ.

ನೂರುನ್ನೀಸಾ ತಾಯಿ ತಾಜ್ ಬೀ ಮೂರು ದಿನ ಬೇಡವೆಂದರಂತೆ. ಆಮೇಲೆ — "ಜುಂಜಮ್ಮ ಇದ್ರೆ ಕಳಿಸ್ತೀನಿ." ಎಲ್ಲರಿಗೂ ಸಿಹಿ ಮಾಡಿಕೊಡುತ್ತಾರಂತೆ.

17 ಜನವರಿ, ಗುರುವಾರ

ದ್ಯಾಮಮ್ಮ ಟೀಚರ್ ನೀರಿನ ಕೊಡದ ಹತ್ತಿರ ಕರೆದರು. ಕಾಟಮ್ಮ ಪಕ್ಕದಲ್ಲಿ, ನೆಲ ನೋಡುತ್ತಾ.

"ನೂರುನ್ನೀಸಾ ಒಳ್ಳೆ ಹುಡುಗಿ ಕಣಮ್ಮ, ಬ್ಯಾಡ ಅಂತಿಲ್ಲ. ಅಡುಗೆ ಮಾತ್ರ ಅವಳ ಕೈಲಿ ಮುಟ್ಟಿಸಬ್ಯಾಡ. ಅವರ ಮನೆದೂ ಏನೂ ಬ್ಯಾಡ. ನಮ್ಮ ಯಜಮಾನ್ರಿಗೆ ಗೊತ್ತಾದ್ರೆ ಏನು ಹೇಳ್ಲಿ?"

"ಅವಳಿಗೆ ಹೆಂಗೆ ಹೇಳಾದು?"

"ಹೇಳಾದು ಯಾಕೆ? ಯಾರು ಏನು ತರಬೇಕು ಅಂತ ಚೀಟಿ ಬರೀತೀಯಲ್ಲ, ಅದರಾಗೆ ಹಂಗೇ ಹೊಂದಿಸಿಬಿಡು."

ಆಗಲಿ ಎಂದೆ. ಜಗಳವಾದರೆ ಹೋಗುವುದೇ ನಿಂತೀತು ಅಂತ... ಸುಳ್ಳು. ನಾನು ಊರ ಹೊರಗಿನ ಹಟ್ಟಿಯವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ದ್ಯಾಮಮ್ಮ ನನಗೂ ಬೇರೆ ಲೋಟ ಇಟ್ಟಿದ್ದರು. ಈಗ ಇಲ್ಲ. ಆ 'ಈಗ ಇಲ್ಲ' ಎಲ್ಲಿ ಹೋಗಿಬಿಡುತ್ತದೋ ಎಂಬ ಭಯ.

19 ಜನವರಿ

ಚೀಟಿ ಬರೆದೆ. ದ್ಯಾಮಮ್ಮ — ಅಕ್ಕಿ, ಬೇಳೆ, ಸಾರಿನಪುಡಿ. ಕಾಟಮ್ಮ — ರೊಟ್ಟಿ, ಚಟ್ನಿಪುಡಿ, ಎಣ್ಣೆ. ನಾನು — ಪಾತ್ರೆ, ತರಕಾರಿ, ಅಡುಗೆ. ನೂರುನ್ನೀಸಾ — ಬಾಳೆಹಣ್ಣು, ಸೀಮೆಎಣ್ಣೆ, ಬೆಂಕಿಪೊಟ್ಟಣ.

ಅವಳು ಎರಡು ಸಲ ಓದಿದಳು.

"ಅಮ್ಮಿ ಸಿಹಿ ಮಾಡ್ತೀನಿ ಅಂದಿದ್ರು."

"ಹೊರೋಕೆ ಭಾರ ಆಗ್ತೈತೆ ಅಂತ..."

"ಹ್ಞೂ. ಭಾರ ಆಗ್ತೈತೆ."

ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡಳು.

25 ಜನವರಿ, ಸಂಜೆ

ನೂರುನ್ನೀಸಾ ಬಂದಿದ್ದಳು. ಎರಡು ಬಾಟಲಿ ಸೀಮೆಎಣ್ಣೆ — ಎರಡು ತಾಸು ಕ್ಯೂ ನಿಂತಿದ್ದಳಂತೆ. ಒಂದು ಚಿಪ್ಪು ಬಾಳೆಹಣ್ಣು. ಬೆಂಕಿಪೊಟ್ಟಣ. ಅಚ್ಚುಕಟ್ಟಾಗಿ ಮಡಚಿದ ಟೆಂಟು.

"ನಾನು ಬರಲ್ಲ ಜುಂಜಕ್ಕ. ಮೈ ಹುಷಾರಿಲ್ಲ."

ಮುಖ ನೋಡಿದೆ. ಹುಷಾರಾಗಿಯೇ ಇದ್ದಳು. ಹಾಗಾದರೆ ಯಾರೂ ಹೋಗುವುದು ಬೇಡ ಎಂದು ನಾನು ಹೇಳಬೇಕಿತ್ತು.

"ಔಷಧಿ ತಗಂಡ್ಯಾ?" ಎಂದೆ.

28 ಜನವರಿ

ಹೋಗಿ ಬಂದೆವು. ಟೆಂಟಿನ ಹಗ್ಗ ಬಿಗಿಯಲು ಯಾರಿಗೂ ಬರಲಿಲ್ಲ. ಎರಡು ಸಲ ಕುಸಿಯಿತು. ಅದನ್ನೇ ಹೊದ್ದು ಚಳಿಯಲ್ಲಿ ಮಲಗಿದೆವು. ಬೆಳಗ್ಗೆ ಬಾಳೆಹಣ್ಣು ಸುಲಿಯುತ್ತಾ ದ್ಯಾಮಮ್ಮ, "ಪಾಪ, ಅವಳಿದ್ದಿದ್ರೆ ಚೆನ್ನಾಗಿರ್ತಿತ್ತು" ಎಂದರು.

ನಾನು ಟೆಂಟು ಮಡಚತೊಡಗಿದೆ.

ಇವತ್ತು ಅವಳ ಆರು ರೂಪಾಯಿ ವಾಪಸ್ ಕೊಟ್ಟೆ. ಎಣಿಸದೆ ಇಟ್ಟುಕೊಂಡಳು.

9 ಮಾರ್ಚ್

ನೂರುನ್ನೀಸಾಗೆ ಹಿರಿಯೂರಿಗೆ ವರ್ಗ. ಅವಳೇ ಬರೆದುಕೊಟ್ಟು ಕೇಳಿದ್ದಂತೆ. ಈ ಆರು ವಾರ ನಮಸ್ಕಾರ ಬಿಟ್ಟರೆ ಮಾತಿಲ್ಲ.

10 ಮಾರ್ಚ್, ಭಾನುವಾರ

ಅವರ ಮನೆಗೆ ಹೋದೆ. ಎಲ್ಲಾ ಹೇಳಿಬಿಡಬೇಕು ಅಂತ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಸಾಮಾನು ಕಟ್ಟುತ್ತಿದ್ದಳು.

"ನೂರು, ಆ ಚೀಟಿ..."

"ಬಿಡ್ರಿ ಜುಂಜಕ್ಕ. ಓದಿದಾಗ್ಲೇ ಗೊತ್ತಾಯ್ತು. ನೀವೊಬ್ರಾದ್ರೂ ಬಾಯಿಬಿಟ್ಟು ಹೇಳ್ತೀರಿ ಅನ್ಕಂಡಿದ್ದೆ."

ಅಷ್ಟರಲ್ಲಿ ತಾಜ್ ಬೀ ತಟ್ಟೆ ತಂದರು. ಬಿಸಿ ಅನ್ನ, ಬೇಳೆ. "ಕುಂತ್ಕಳಮ್ಮ. ಎರಡು ತುತ್ತು ತಿಂದು ಹೋಗು."

"ನಂದು ಊಟ ಆಗೈತೆ" ಎಂದೆ.

ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು. ತಾಜ್ ಬೀ ಒತ್ತಾಯ ಮಾಡಲಿಲ್ಲ. ನೂರುನ್ನೀಸಾ ತಾಯಿಯ ಕೈಯಿಂದ ತಟ್ಟೆ ಇಸಿದುಕೊಂಡು ಒಳಗೆ ಹೋದಳು. ತುಂಬಾ ಹೊತ್ತು ಕಾದೆ. ಹೊರಗೆ ಬರಲಿಲ್ಲ.

ಈಗ ಐದೂವರೆ. ಒಲೆ ಹಚ್ಚಿಲ್ಲ. ನಾಳೆ ಮೊದಲ ಬಸ್ಸಿಗೆ ಹೊರಡುತ್ತಾರಂತೆ. ಈಗಲೇ ಹೋಗಿ, ನನಗೆ ಹಸಿವಿತ್ತು ತಾಯೀ ಅಂತ ಹೇಳಬೇಕು.